ಸುಂದೋಪಸುಂದ ನ್ಯಾಯ

ನಮ್ಮ ಪೂರ್ವಿಕರು ಲೋಕಾನುಭವವನ್ನು ಗಂಟುಕಟ್ಟಿ ಇಡುವುದರಲ್ಲಿ ಬಹಳ ಜಾಣರು. ದೊಡ್ಡದೊಂದು ವಿಚಾರವನ್ನು ಎರಡು ಶಬ್ದಗಳಲ್ಲಿ ಅಡಗಿಸಿ, ಅದಕ್ಕೆ ‘ನ್ಯಾಯ’ವೆಂದು ಹೆಸರಿಟ್ಟು ನಮ್ಮ ಕೈಗೆ ಕೊಟ್ಟು ಹೋದರು. ಕಾಗೆ ಬಂದು ಕುಳಿತ ಗಳಿಗೆಗೆ ಸರಿಯಾಗಿ ತಾಳೆಯ ಹಣ್ಣು ಕಳಚಿ ಬಿದ್ದರೆ ಅದು ಕಾಕತಾಳೀಯ ನ್ಯಾಯ. ಮರವನ್ನು ಕೊರೆಯುವ ಹುಳು ತನ್ನ ಹೊಟ್ಟೆಪಾಡಿಗಾಗಿ ಅತ್ತಿತ್ತ ತೂತು ಮಾಡುತ್ತ ಹೋದಾಗ ಆ ಗೆರೆಗಳ ನಡುವೆ ಎಲ್ಲೋ ಒಂದು ಅಕ್ಷರದ ಆಕಾರ ಮೂಡಿದರೆ ಅದು ಘುಣಾಕ್ಷರ ನ್ಯಾಯ. ಇನ್ನು ಸುಂದೋಪಸುಂದ ನ್ಯಾಯದ ಕಥೆಯನ್ನು ಮಹಾಭಾರತದ ಆದಿಪರ್ವವನ್ನು ಓದಿದವರೆಲ್ಲರೂ ಬಲ್ಲರು. ಸುಂದ, ಉಪಸುಂದರೆಂಬ ಅಣ್ಣತಮ್ಮಂದಿರು ಬ್ರಹ್ಮನಿಂದ ವರ ಪಡೆದರು: ಒಬ್ಬನಿಂದೊಬ್ಬನಿಗಲ್ಲದೆ ಬೇರೆ ಯಾರಿಂದಲೂ ಅವರಿಗೆ ಮರಣವಿಲ್ಲ. ತಿಲೋತ್ತಮೆ ಎದುರಿಗೆ ಸುಳಿದಳು, ಇಬ್ಬರೂ ಗದೆಯೆತ್ತಿದರು, ಇಬ್ಬರೂ ಉರುಳಿದರು. ಅಂದಿನಿಂದ, ಇಬ್ಬರು ಸಮಬಲರು ಹೊಡೆದಾಡಿ ಇಬ್ಬರೂ ಹಾಳಾದ ಕಡೆಯಲ್ಲೆಲ್ಲ ಈ ನ್ಯಾಯವನ್ನು ಹೇಳುವುದು ವಾಡಿಕೆಯಾಗಿದೆ.

ಈಗ ವಾಚಕರು ಒಂದು ಕಲ್ಪನೆಯನ್ನು ಮಾಡಿಕೊಳ್ಳಬೇಕು. ಸುಂದೋಪಸುಂದರು ಇಬ್ಬರೇ ಅಲ್ಲ, ಲಕ್ಷಾಂತರ ಮಂದಿ ಇದ್ದಾರೆ. ಅವರಿಗೆ ಕಣ್ಣಿಲ್ಲ, ಕಿವಿಯಿಲ್ಲ, ದ್ವೇಷವಿಲ್ಲ, ತಿಲೋತ್ತಮೆಯೂ ಇಲ್ಲ. ಗೊತ್ತುಗುರಿಯಿಲ್ಲದೆ ಸುಮ್ಮನೆ ಅಲೆಯುತ್ತಿದ್ದಾರೆ. ಅಲೆಯುವಾಗ ಇಬ್ಬರು ಒಬ್ಬರನ್ನೊಬ್ಬರು ಮುಟ್ಟಿದರೆ ಇಬ್ಬರೂ ಇಲ್ಲವಾಗುತ್ತಾರೆ. ಇದೊಂದೇ ಕಟ್ಟಳೆ. ಹೀಗೆ ಬಹುಕಾಲ ನಡೆದ ಮೇಲೆ, ಉಳಿದ ಅಷ್ಟಿಷ್ಟು ಮಂದಿ ಬಯಲಿನಲ್ಲಿ ಹೇಗೆ ನಿಂತಿರುತ್ತಾರೆ? ಚೆಲ್ಲಿದ ಕಾಳಿನಂತೆ ಅಡ್ಡಾದಿಡ್ಡಿಯಾಗಿಯೋ, ಅಥವಾ ಅವರ ನಿಲುವಿನಲ್ಲಿ ಏನಾದರೂ ಒಂದು ಕ್ರಮ ಕಾಣುವುದೋ? ಕ್ರಮ ಕಂಡರೆ, ಆ ಕ್ರಮವನ್ನು ಇಟ್ಟವರು ಯಾರು?

ಪ್ರಶ್ನೆ ಹುಡುಗಾಟದಂತೆ ತೋರಬಹುದು. ಆದರೆ ಭೌತಶಾಸ್ತ್ರಜ್ಞರೂ ಗಣಿತಜ್ಞರೂ ಇದರ ಹಿಂದೆ ನೂರು ವರ್ಷಗಳಿಗೂ ಮೀರಿ ದುಡಿದಿದ್ದಾರೆ. ಮೂವತ್ತು ವರ್ಷ ಹುಡುಗರಿಗೆ ಗಣಿತ ಹೇಳಿ, ಈಗ ಮನೆಯ ಜಗುಲಿಯಲ್ಲಿ ಕುಳಿತು ಓದಿಕೊಂಡಿರುವ ನನಗೆ ಅವರು ಕಂಡುಕೊಂಡ ಉತ್ತರವು ಬೇರೊಂದು ಕಾರಣದಿಂದ ಮನಸ್ಸಿಗೆ ತಟ್ಟಿತು. ಆ ಕಾರಣವನ್ನು ಮುಂದೆ ಹೇಳುತ್ತೇನೆ. ಮೊದಲು ವಿಷಯ.

೧೮೨೭ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞನು, ಹೂವಿನ ಪರಾಗದೊಳಗಿನ ಅತಿ ಸೂಕ್ಷ್ಮವಾದ ಕಣಗಳು ನೀರಿನಲ್ಲಿ ಒಂದೇ ಸಮನೆ ತುಡಿಯುತ್ತಿರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡನು. ಜೀವವಿರುವುದರಿಂದ ಹೀಗೆ ಆಡುತ್ತಿರಬಹುದೇ ಎಂದು ನೋಡಲು ನಿರ್ಜೀವವಾದ ಕಲ್ಲಿನ ಪುಡಿಯನ್ನೂ ಪರೀಕ್ಷಿಸಿದನು. ಅದೂ ಹಾಗೆಯೇ ಆಡಿತು. ಕಣ್ಣಿಗೆ ಕಾಣದ ನೀರಿನ ಅಣುಗಳು ಎಲ್ಲ ಕಡೆಯಿಂದಲೂ ಬಡಿಯುತ್ತಿರುವುದೇ ಇದಕ್ಕೆ ಕಾರಣವೆಂಬ ಲೆಕ್ಕವನ್ನು ೧೯೦೫ರಲ್ಲಿ ಐನ್‌ಸ್ಟೈನನೂ, ೧೯೦೬ರಲ್ಲಿ ಪೋಲಿಷ್ ವಿದ್ವಾಂಸನಾದ ಸ್ಮೊಲುಕೋವ್ಸ್ಕಿಯೂ ಬೇರೆಬೇರೆಯಾಗಿ ಮಾಡಿ ತೋರಿಸಿದರು. ಫ್ರಾನ್ಸಿನ ಜ್ಯಾನ್ ಪೆರಿನ್ ಪ್ರಯೋಗಗಳಿಂದ ಆ ಲೆಕ್ಕವನ್ನು ಸ್ಥಿರಪಡಿಸಿ ೧೯೨೬ರಲ್ಲಿ ನೊಬೆಲ್ ಬಹುಮಾನ ಪಡೆದನು. ಅಲೆಯುವ ಕಣಗಳು ಒಂದನ್ನೊಂದು ಮುಟ್ಟಿದಾಗ ಕೂಡಿಕೊಂಡುಬಿಟ್ಟರೆ ಏನಾಗುವುದೆಂಬ ಲೆಕ್ಕವನ್ನು ಮೊದಲು ಕ್ರಮವಾಗಿ ಮಾಡಿದವನೂ ಸ್ಮೊಲುಕೋವ್ಸ್ಕಿಯೇ. ದ್ರವದಲ್ಲಿ ತೇಲುವ ಸೂಕ್ಷ್ಮಕಣಗಳು ಹೆಪ್ಪುಗಟ್ಟುವ ಬಗೆಯನ್ನು ಕುರಿತು ಅವನು ೧೯೧೬-೧೭ರಲ್ಲಿ ಬರೆದನು. ೧೯೧೭ರಲ್ಲಿಯೇ, ಕ್ರಾಕೋವ್ ನಗರದಲ್ಲಿ ಆಮಶಂಕೆ ಹರಡಿದ್ದಾಗ ಅದಕ್ಕೆ ತುತ್ತಾಗಿ, ನಲವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನ ಲೆಕ್ಕವನ್ನು ಇಂಗ್ಲಿಷಿನಲ್ಲಿ ವಿಶದವಾಗಿ ವಿವರಿಸಿ ಮುಂದಿನವರಿಗೆ ದಾರಿಮಾಡಿದವರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸುಬ್ರಹ್ಮಣ್ಯನ್ ಚಂದ್ರಶೇಖರರು ಪ್ರಮುಖರು. ಯದೃಚ್ಛೆಯ ಚಲನೆಯನ್ನು ಕುರಿತ ಅವರ ೧೯೪೩ರ ಪ್ರಬಂಧವನ್ನು ಈ ಶಾಸ್ತ್ರದವರು ಇಂದಿಗೂ ಆದರದಿಂದ ಓದುತ್ತಾರೆ.

ಗುರಿಯಿಲ್ಲದ ಅಲೆದಾಟವೆಂದರೇನು? ಒಬ್ಬನು ಉದ್ದನೆಯ ಬೀದಿಯಲ್ಲಿ ನಿಂತು, ನಾಣ್ಯವನ್ನು ಚಿಮ್ಮಿ, ರಾಜನ ತಲೆ ಬಿದ್ದರೆ ಬಲಕ್ಕೂ ಬೆನ್ನು ಬಿದ್ದರೆ ಎಡಕ್ಕೂ ಒಂದು ಹೆಜ್ಜೆ ಇಡುತ್ತಾನೆನ್ನೋಣ. ೧೦೦ ಹೆಜ್ಜೆಗಳ ಕೊನೆಗೆ ಅವನು ಹೊರಟ ಸ್ಥಳದಿಂದ ಸುಮಾರು ೧೦ ಹೆಜ್ಜೆಯ ದೂರದಲ್ಲಿರುತ್ತಾನೆ. ೧೦,೦೦೦ ಹೆಜ್ಜೆಗಳ ಕೊನೆಗೆ ಸುಮಾರು ೧೦೦ ಹೆಜ್ಜೆಯ ದೂರದಲ್ಲಿ. ಕಾಲ ನೂರು ಪಟ್ಟು ಹೆಚ್ಚಿದರೆ ದೂರ ಹತ್ತೇ ಪಟ್ಟು ಹೆಚ್ಚುತ್ತದೆ. ಆದ್ದರಿಂದ ಇಂತಹ ಅಲೆಮಾರಿಯು ದೂರ ಹೋಗುವುದಕ್ಕಿಂತ ತನ್ನ ನೆರೆಯನ್ನೇ ಮತ್ತೆ ಮತ್ತೆ ತುಳಿಯುವುದು ಹೆಚ್ಚು. ಜ್ಯೂರಿಕ್ ನಗರದಲ್ಲಿ ಪ್ರಾಧ್ಯಾಪಕನಾಗಿದ್ದ ಜಾರ್ಜ್ ಪೋಲ್ಯನಿಗೆ ಈ ವಿಚಾರ ಹೊಳೆದದ್ದು ತಾನು ಪಟ್ಟ ನಾಚಿಕೆಯಿಂದಂತೆ. ಕಾಡಿನ ದಾರಿಯಲ್ಲಿ ವಿಹಾರಕ್ಕೆ ಹೋದಾಗ, ತನಗೆ ಪರಿಚಿತನಾದ ವಿದ್ಯಾರ್ಥಿಯೊಬ್ಬನು ತನ್ನ ವಾಗ್ದತ್ತೆಯೊಡನೆ ನಡೆಯುತ್ತ ಎದುರಾದನು, ಸ್ವಲ್ಪ ಹೊತ್ತಿಗೆ ಮತ್ತೆ ಎದುರಾದನು, ಮತ್ತೂ ಎದುರಾದನು. ತಾನು ಬೇಕೆಂದೇ ಅವರ ಬೆನ್ನುಹತ್ತಿದ್ದೇನೆಂದು ಅವರು ತಿಳಿದಾರೆಂದು ಪೋಲ್ಯನು ಸಂಕೋಚಪಟ್ಟನು. ಸಂಕೋಚವು ಲೆಕ್ಕವಾಯಿತು. ೧೯೨೧ರಲ್ಲಿ ಅವನು ಸಾಧಿಸಿದ್ದೇನೆಂದರೆ: ಒಂದೇ ಗೆರೆಯ ಮೇಲೆಯಾಗಲಿ, ಚೌಕಳಿಯ ಬಯಲಿನಲ್ಲಾಗಲಿ ಗುರಿಯಿಲ್ಲದೆ ಅಲೆಯುವವನು ಎಂದಾದರೊಂದು ದಿನ ಹೊರಟಲ್ಲಿಗೆ ಮರಳಿಯೇ ತೀರುತ್ತಾನೆ; ಮೇಲುಕೆಳಗೂ ಚಲಿಸಬಲ್ಲ ಮೂರು ಆಯಾಮಗಳಲ್ಲಿಯಾದರೆ ಮರಳುವ ಸಂಭವ ನೂರಕ್ಕೆ ಸುಮಾರು ಮೂವತ್ತನಾಲ್ಕು ಮಾತ್ರ. ಹಕ್ಕಿ ತಪ್ಪಿಸಿಕೊಳ್ಳಬಹುದು, ಇರುವೆ ತಪ್ಪಿಸಿಕೊಳ್ಳಲಾರದು.

ಈ ಅಲೆಮಾರಿಗಳಿಗೆ ಸುಂದೋಪಸುಂದರ ಕಟ್ಟಳೆಯನ್ನು ಸೇರಿಸುವುದು ಬರಿಯ ಕಲ್ಪನೆಯಲ್ಲ. ಎಲೆಕ್ಟ್ರಾನಿಗೆ ಪಾಸಿಟ್ರಾನ್ ಎಂಬ ಪ್ರತಿಕಣವುಂಟು. ೧೯೩೨ರಲ್ಲಿ ಆಂಡರ್ಸನ್ ಅದನ್ನು ಕಂಡುಹಿಡಿದನು. ಇವೆರಡೂ ಸಂಧಿಸಿದರೆ ಎರಡೂ ಇಲ್ಲವಾಗಿ ಬೆಳಕಿನ ಉಗ್ರರೂಪವಾದ ಗಾಮಾ ಕಿರಣಗಳು ಉಳಿಯುತ್ತವೆ. ಕೆಲವು ಹರಳುಗಳಲ್ಲಿ ಅಣುಗಳು ಉದ್ದನೆಯ ಸರಪಳಿಗಳಾಗಿ ಜೋಡಿಸಿಕೊಂಡಿರುತ್ತವೆ. ಬೆಳಕು ಬಿದ್ದಾಗ ಹುಟ್ಟುವ ಶಕ್ತಿಯ ಪೊಟ್ಟಣಗಳು ಆ ಸರಪಳಿಯ ಕೊಂಡಿಯಿಂದ ಕೊಂಡಿಗೆ ಅಲೆಯುತ್ತವೆ. ಎರಡು ಸಂಧಿಸಿದರೆ ಒಂದಾದರೂ ಅಳಿಯುತ್ತದೆ. ಇಂತಹ ಹರಳೊಂದರಲ್ಲಿ ೧೯೯೩ರಲ್ಲಿ ಮಾಡಿದ ಅಳತೆಗಳು ಮುಂದೆ ಹೇಳುವ ಒಂದು ನಿಯಮಕ್ಕೆ ಸಾಕ್ಷಿಯಾದುವು.

ಕಳೆದ ಮಳೆಗಾಲದಲ್ಲಿ, ಹೊರಗೆ ಹೋಗಲಾಗದೆ ಮನೆಯಲ್ಲಿ ಗಲಭೆಯೆಬ್ಬಿಸಿದ್ದ ಮೊಮ್ಮಕ್ಕಳನ್ನು ಕೂರಿಸಿಕೊಂಡು ನಾನು ಇದನ್ನು ಆಟವಾಗಿ ಆಡಿಸಿದೆ. ನೆಲದ ಮೇಲೆ ಸೀಮೆಸುಣ್ಣದಿಂದ ಬಳೆಯಾಕಾರದಲ್ಲಿ ೧೦೦ ಮನೆಗಳನ್ನು ಬರೆದು, ಮನೆಗೊಂದರಂತೆ ಹುಣಿಸೆಯ ಬೀಜ ಇಟ್ಟೆವು. ಸುತ್ತಿಗೊಂದು ಸಲ ಪ್ರತಿಯೊಂದು ಬೀಜಕ್ಕೂ ನಾಣ್ಯ ಚಿಮ್ಮಿ ಬಲಕ್ಕೋ ಎಡಕ್ಕೋ ಒಂದು ಮನೆ ನಡೆಸುವುದು. ಅಲ್ಲಿ ಬೇರೊಂದು ಬೀಜವಿದ್ದರೆ ಎರಡನ್ನೂ ತೆಗೆದು ಬಟ್ಟಲಿಗೆ ಹಾಕುವುದು. ಚೌಕಾಬಾರದಲ್ಲಿ ಹೊಡೆದ ಕಾಯಿ ಉಳಿಯುತ್ತದೆ, ಹೊಡೆಸಿಕೊಂಡದ್ದು ಏಳುತ್ತದೆ. ಇಲ್ಲಿ ಎರಡೂ ಏಳುತ್ತವೆ. ಮೊದಲೊಂದೆರಡು ಸುತ್ತುಗಳಲ್ಲಿ ಬಟ್ಟಲು ಬೇಗಬೇಗನೆ ತುಂಬಿತು. ನಾಲ್ಕನೆಯ ಸುತ್ತಿನ ಕೊನೆಗೆ ೧೪ ಬೀಜಗಳು ಉಳಿದುವು; ಹದಿನಾರನೆಯ ಸುತ್ತಿನ ಕೊನೆಗೆ ೮. ಲೆಕ್ಕ ಹೇಳುವುದು ಸುಮಾರು ೧೪ ಮತ್ತು ೭. ಕಾಲ ನಾಲ್ಕು ಪಟ್ಟಾದರೆ ಉಳಿದವರು ಅರ್ಧ: ಇದೇ ಆ ನಿಯಮ. ಆರಂಭದಲ್ಲಿ ಎಷ್ಟು ಬೀಜಗಳಿದ್ದುವೆಂಬುದನ್ನು ಈ ಸಾಲು ಬಹುಬೇಗ ಮರೆತುಬಿಡುತ್ತದೆಂಬುದು ಮತ್ತೊಂದು ವಿಶೇಷ. ನೂರು ಮನೆಗಳಲ್ಲಿ ನೂರು ಬೀಜವಿಟ್ಟು ಹೊರಟರೂ, ಅಲ್ಲೊಂದು ಇಲ್ಲೊಂದರಂತೆ ಐವತ್ತಿಟ್ಟು ಹೊರಟರೂ, ಬಹಳ ಸುತ್ತುಗಳ ಮೇಲೆ ಉಳಿಯುವುದು ಹೆಚ್ಚುಕಡಿಮೆ ಅಷ್ಟೇ.

ಆದರೆ ಮಕ್ಕಳು ಮೊದಲು ಗಮನಿಸಿದ್ದು ಎಣಿಕೆಯನ್ನಲ್ಲ. ಹಿರಿಯ ಹುಡುಗಿ ಬಳೆಯ ಸುತ್ತ ಒಮ್ಮೆ ಕಣ್ಣಾಡಿಸಿ, “ತಾತ, ಇವು ಒಂದರ ಹತ್ತಿರ ಒಂದು ಕುಳಿತುಕೊಳ್ಳುವುದೇ ಇಲ್ಲ” ಎಂದಳು. ನಿಜವಾಗಿ ವಿಷಯದ ತಿರುಳು ಅದೇ. ಅಂಗಳದ ಕಲ್ಲಿನ ಮೇಲೆ ಮೊದಲ ಮಳೆಯ ಹನಿಗಳು ಬಿದ್ದುದನ್ನು ವಾಚಕರು ನೋಡಿರಬಹುದು. ಒಂದೆಡೆ ನಾಲ್ಕು ಹನಿಗಳು ಒತ್ತಾಗಿ ಬಿದ್ದಿರುತ್ತವೆ. ಪಕ್ಕದಲ್ಲಿಯೇ ಅಂಗೈಯಗಲ ಒಣಗಿರುತ್ತದೆ. ಶುದ್ಧವಾದ ಯದೃಚ್ಛೆಯ ಲಕ್ಷಣವೇ ಅದು. ಅಲ್ಲಿ ಅತಿ ಕಿರಿದಾದ ಅಂತರಗಳೇ ಎಲ್ಲಕ್ಕಿಂತ ಹೆಚ್ಚು. ನಮ್ಮ ಬೀಜಗಳ ಸಾಲಿನಲ್ಲಾದರೋ ಅತಿ ಕಿರಿದಾದ ಅಂತರಗಳು ಇಲ್ಲವೆನ್ನುವಷ್ಟು ವಿರಳ. ಒಂದೊಂದರ ಸುತ್ತಲೂ ಒಂದು ಬರಿದಾದ ಆವರಣ. ನೋಡಿದವರು, ಈ ಬೀಜಗಳು ಒಂದನ್ನೊಂದು ದೂರ ತಳ್ಳುತ್ತಿವೆಯೆಂದೇ ಹೇಳುವರು. ತಳ್ಳುವ ಬಲವೆಂಬುದು ಅಲ್ಲಿ ಎಳ್ಳಷ್ಟೂ ಇಲ್ಲ. ಸಮೀಪದಲ್ಲಿದ್ದವುಗಳು ಸಂಧಿಸಿ ಬಟ್ಟಲಿಗೆ ಹೋದುವು. ಸಮೀಪದಲ್ಲಿ ಯಾರೂ ಇಲ್ಲದವುಗಳು ಉಳಿದುವು. ಕಾಲ ಕಳೆದಂತೆ ಅಂತರಗಳು ಬೆಳೆಯುತ್ತವೆ, ಚಿತ್ರದ ಸ್ವರೂಪ ಮಾತ್ರ ಬದಲಾಗುವುದಿಲ್ಲ. ನೂರನೆಯ ಸುತ್ತಿನ ಚಿತ್ರವನ್ನು ಎರಡರಷ್ಟು ಹಿಗ್ಗಿಸಿದರೆ ನಾನೂರನೆಯ ಸುತ್ತಿನ ಚಿತ್ರದಂತೆಯೇ ತೋರುತ್ತದೆ.

ಈ ಸಾಲಿಗೆ ಎಲ್ಲಿಯೋ ಇರುವ ಒಬ್ಬ ನಂಟನನ್ನು ಗಣಿತಜ್ಞರು ಪತ್ತೆಮಾಡಿದ್ದಾರೆ. ಯದೃಚ್ಛೆಯಾಗಿ ಆರಿಸಿದ ಸಂಖ್ಯೆಗಳಿಂದ ಬಹು ದೊಡ್ಡದೊಂದು ಚೌಕವನ್ನು ತುಂಬಿದರೆ, ಆ ಚೌಕಕ್ಕೆ ಐಗನ್ ಮೌಲ್ಯಗಳೆಂಬ ಕೆಲವು ವಿಶಿಷ್ಟ ಸಂಖ್ಯೆಗಳು ಇರುತ್ತವೆ. ಇಂತಹ ಚೌಕಗಳನ್ನು ೧೯೬೫ರಲ್ಲಿ ಜಿನಿಬ್ರ್ ಎಂಬ ಫ್ರೆಂಚ್ ವಿದ್ವಾಂಸನು ವಿಚಾರಿಸಿದನು. ಆ ಸಂಖ್ಯೆಗಳಲ್ಲಿ ವಾಸ್ತವವಾದವುಗಳು ಸಂಖ್ಯಾರೇಖೆಯ ಮೇಲೆ ನಿಲ್ಲುವ ಬಗೆಯೂ, ಪರಸ್ಪರ ನಾಶಗೊಳ್ಳುವ ಅಲೆಮಾರಿಗಳಲ್ಲಿ ಉಳಿದವರು ನಿಲ್ಲುವ ಬಗೆಯೂ ಒಂದೇ ಎಂದು ೨೦೧೧ರಲ್ಲಿ ಟ್ರೈಬ್ ಮತ್ತು ಝಬೊರೊನ್ಸ್ಕಿ ಎಂಬಿಬ್ಬರು ತೋರಿಸಿದರು. ಒಂದು ಕಡೆ ಸಾವುಗಳುಂಟು, ಇನ್ನೊಂದು ಕಡೆ ಬರಿಯ ಸಂಖ್ಯೆಗಳು. ಎರಡರ ಕೈಬರಹ ಒಂದೇ!

ಇಲ್ಲಿಯವರೆಗೆ ಎಲ್ಲರೂ ಒಂದೇ ಬಗೆಯವರು. ಎರಡು ಬಗೆಯವರಿದ್ದು, ಬೇರೆ ಬೇರೆ ಬಗೆಯವರು ಸಂಧಿಸಿದಾಗ ಮಾತ್ರ ಇಬ್ಬರೂ ಅಳಿಯುವಂತಾದರೆ ಏನಾಗುತ್ತದೆ? ಮಾರನೆಯ ದಿನ ಅದನ್ನೂ ಆಡಿದೆವು. ೫೦ ಹುಣಿಸೆಯ ಬೀಜ, ೫೦ ಅವರೆಯ ಕಾಳು; ಕಲಸಿ, ಕೈಗೆ ಬಂದಂತೆ ಮನೆಗೊಂದು ಇಟ್ಟೆವು. ಹುಣಿಸೆಯ ಮನೆಗೆ ಹುಣಿಸೆ ಬಂದರೆ ಕೂಡಿ ಇರಲಿ. ಅವರೆ ಬಂದರೆ ಎರಡೂ ಬಟ್ಟಲಿಗೆ. ಹದಿನಾರು ಸುತ್ತುಗಳಾದ ಮೇಲೆ ನೋಡಿದರೆ, ಉಳಿದವು ಒಂದೊಂದು ಬಗೆಯಲ್ಲಿ ೧೧, ಒಟ್ಟು ೨೨. ಹಿಂದಿನ ದಿನದ ೮ಕ್ಕಿಂತ ಬಹಳ ಹೆಚ್ಚು. ಅದಕ್ಕಿಂತ ಮಿಗಿಲಾದ ಆಶ್ಚರ್ಯವೆಂದರೆ, ಬೆರೆಸಿ ಇಟ್ಟದ್ದು ಬೇರ್ಪಟ್ಟಿತ್ತು. ಇಲ್ಲಿಂದ ಅಲ್ಲಿಯವರೆಗೆ ಹುಣಿಸೆಯ ಪಾಳೆಯ, ನಡುವೆ ಬಯಲು, ಅಲ್ಲಿಂದಾಚೆಗೆ ಅವರೆಯ ಪಾಳೆಯ.

ಇದರ ಕಾರಣವನ್ನು ೧೯೭೮ರಲ್ಲಿ ಓವ್ಚಿನ್ನಿಕೋವ್ ಮತ್ತು ಝೆಲ್ದೋವಿಚ್ ಎಂಬ ರಷ್ಯದ ವಿದ್ವಾಂಸರೂ, ೧೯೮೩ರಲ್ಲಿ ಅಮೆರಿಕದ ಟೂಸೆಂಟ್ ಮತ್ತು ವಿಲ್ಚೆಕ್ ಎಂಬವರೂ ವಿವರಿಸಿದರು. ಅದು ಯಾವ ಗೃಹಸ್ಥನಿಗೂ ತಿಳಿಯುವಂತಹುದು. ೧೦,೦೦೦ ಮನೆಗಳ ಒಂದು ಹರವಿನಲ್ಲಿ ಮನೆಗೊಂದು ನಾಣ್ಯ ಚಿಮ್ಮಿ ಹುಣಿಸೆಯನ್ನೋ ಅವರೆಯನ್ನೋ ಇಟ್ಟೆವೆನ್ನೋಣ. ಎರಡೂ ಸರಿಸಮವಾಗಿ ಐದೈದು ಸಾವಿರ ಬರುವುದು ಅಪೂರ್ವ. ಒಂದು ಬಗೆಯದು ಸುಮಾರು ನೂರರಷ್ಟು ಹೆಚ್ಚಾಗಿ ಬರುವುದೇ ಸಹಜ. ಅಲೆಮಾರಿಗಳು ಆ ಹರವನ್ನೆಲ್ಲ ದಾಟಾಡುವಷ್ಟು ಕಾಲ, ಎಂದರೆ ಸುಮಾರು ಹತ್ತು ಕೋಟಿ ಹೆಜ್ಜೆಗಳು, ಕಳೆಯುವ ಹೊತ್ತಿಗೆ ಜೋಡಿ ಸಿಕ್ಕಿದವರೆಲ್ಲರೂ ಅಳಿದಿರುತ್ತಾರೆ. ಮೊದಲು ಯಾರ ಕಣ್ಣಿಗೂ ಬೀಳದಿದ್ದ ಆ ನೂರರ ವ್ಯತ್ಯಾಸವೇ ಉಳಿಯುತ್ತದೆ. ಅವರೆಲ್ಲರೂ ಒಂದೇ ಬಗೆಯವರು. ಪಕ್ಕದ ಹರವಿನಲ್ಲಿ ಅದೇ ರೀತಿ ಇನ್ನೊಂದು ಬಗೆಯವರು ಉಳಿದಿರಬಹುದು. ಒಂದೇ ಬಗೆಯವರ ಸಾಲು ತನ್ನ ಆರಂಭವನ್ನು ಮರೆಯುತ್ತದೆ. ಎರಡು ಬಗೆಯವರ ಸಾಲು ಆರಂಭದ ಏರುಪೇರನ್ನು ಎಂದಿಗೂ ಮರೆಯುವುದಿಲ್ಲ.

ಈ ಪಾಳೆಯಗಳ ಭೂಗೋಳವನ್ನು ೧೯೯೧ರಲ್ಲಿ ಲೇವ್ರಾಜ್ ಮತ್ತು ರೆಡ್ನರ್ ಎಂಬವರು ಇನ್ನೂ ನಯವಾಗಿ ಅಳೆದರು. ಒಂದು ಗೆರೆಯ ಮೇಲೆ ಹತ್ತು ಕೋಟಿ ಹೆಜ್ಜೆಗಳ ಕಾಲ ಕಳೆದಿದೆಯೆಂದರೆ, ಅಂದಾಜಿನಲ್ಲಿ ಒಂದು ಪಾಳೆಯದ ಉದ್ದ ೧೦,೦೦೦ ಮನೆಗಳು. ಪಾಳೆಯದ ಒಳಗೆ ಒಬ್ಬನಿಗೂ ಮುಂದಿನವನಿಗೂ ನಡುವಣ ಅಂತರ ೧೦೦ ಮನೆಗಳು. ಎರಡು ಎದುರಾಳಿ ಪಾಳೆಯಗಳ ನಡುವಣ ಬಯಲು ೧,೦೦೦ ಮನೆಗಳು. ಒಳಗಿನ ಅಂತರಕ್ಕಿಂತ ಗಡಿಯ ಅಂತರ ಹಿರಿದು. ಗಡಿಯ ಅಂತರಕ್ಕಿಂತ ಪಾಳೆಯ ಹಿರಿದು. ಮೂರು ಅಳತೆಗಳೂ ಕಾಲದೊಡನೆ ಬೇರೆ ಬೇರೆ ವೇಗದಲ್ಲಿ ಬೆಳೆಯುತ್ತವೆ. ಗಡಿಯಲ್ಲಿದ್ದವರು ಸತ್ತು ಸತ್ತು ಬಯಲು ಅಗಲವಾಗುತ್ತದೆ. ಒಳನಾಡಿನವರಿಗೆ ಯುದ್ಧದ ಸುದ್ದಿಯೇ ತಡವಾಗಿ ಮುಟ್ಟುತ್ತದೆ. ಯಾವ ಸೇನಾಪತಿಯೂ ಆಜ್ಞೆ ಕೊಡದೆ ಗಡಿ, ನಾಡು, ನಡುಬಯಲುಗಳು ಏರ್ಪಟ್ಟಿವೆ!

ಬೇರ್ಪಟ್ಟದ್ದರಿಂದ ನಾಶವು ನಿಧಾನವಾಗುತ್ತದೆ. ಪಾತ್ರೆಯಲ್ಲಿ ಸೌಟು ಹಾಕಿ ಬಿಡದೆ ಕಡೆಯುತ್ತಿದ್ದರೆ, ಕಾಲ ೧೦,೦೦೦ ಪಟ್ಟಾದಾಗ ಉಳಿದವರು ಹತ್ತು ಸಾವಿರದಲ್ಲಿ ಒಂದು ಪಾಲಾಗುತ್ತಾರೆ. ಕಡೆಯದೆ ಬಿಟ್ಟರೆ ಮೂರು ಆಯಾಮಗಳಲ್ಲಿ ಸಾವಿರದಲ್ಲಿ ಒಂದು ಪಾಲು. ಬಯಲಿನಲ್ಲಿ ನೂರರಲ್ಲಿ ಒಂದು. ಗೆರೆಯ ಮೇಲೆ ಹತ್ತರಲ್ಲಿ ಒಂದು. ದಾರಿ ಇಕ್ಕಟ್ಟಾದಷ್ಟೂ ಬೇರ್ಪಡುವಿಕೆ ಬಲವಾಗುತ್ತದೆ. ಆಯಾಮಗಳು ನಾಲ್ಕನ್ನು ಮೀರಿದ್ದರೆ ಈ ಪಾಳೆಯಗಳು ಕಟ್ಟುತ್ತಿರಲಿಲ್ಲವೆಂದು ಲೆಕ್ಕ ಹೇಳುತ್ತದೆ. ನಮ್ಮ ಲೋಕಕ್ಕೆ ಇರುವುದು ಮೂರೇ.

ಟೂಸೆಂಟ್ ಮತ್ತು ವಿಲ್ಚೆಕ್ ಈ ಲೆಕ್ಕಕ್ಕೆ ಕೈಹಾಕಿದಾಗ ಅವರ ದೃಷ್ಟಿ ವಿಶ್ವದ ಬಾಲ್ಯದ ಕಡೆಗಿತ್ತು. ಅಂದು ದ್ರವ್ಯವೂ ಪ್ರತಿದ್ರವ್ಯವೂ ಹೇರಳವಾಗಿದ್ದು ಒಂದನ್ನೊಂದು ನುಂಗಿದುವು. ಉಳಿದ ಅತ್ಯಲ್ಪವಾದ ಶೇಷವೇ ಈ ನಕ್ಷತ್ರಗಳು, ಈ ಭೂಮಿ, ನಾನು, ನೀವು. ಆ ಶೇಷವು ಹುಣಿಸೆ-ಅವರೆಗಳ ಪಾಳೆಯದಂತೆ ಬರಿಯ ಏರುಪೇರಿನ ಫಲವೇ ಎಂದರೆ ಹಾಗೆ ಹೇಳಲಾಗದು. ಎಲ್ಲಿಯಾದರೂ ಪ್ರತಿದ್ರವ್ಯದ ಪಾಳೆಯವಿದ್ದರೆ ಅದರ ಗಡಿಯಿಂದ ಗಾಮಾ ಕಿರಣಗಳು ಹೊಮ್ಮಬೇಕಾಗಿತ್ತು. ಅಂತಹ ಗಡಿ ಕಂಡುಬಂದಿಲ್ಲ. ದ್ರವ್ಯದ ಕಡೆಗೆ ನೂರು ಕೋಟಿಗೊಂದರ ಮೇರೆಯಲ್ಲಿ ಒಂದು ಸಣ್ಣ ಹೆಚ್ಚಳವಿದ್ದಿರಬೇಕೆಂದು ಮಾತ್ರ ವಿದ್ವಾಂಸರು ಒಪ್ಪುತ್ತಾರೆ. ಅದು ಹೇಗೆ ಬಂತೆಂಬುದು ಇಂದಿಗೂ ತೀರದ ಪ್ರಶ್ನೆ.

ಇನ್ನು, ಮೊದಲು ಮುಂದಕ್ಕಿಟ್ಟ ಕಾರಣಕ್ಕೆ ಬರುತ್ತೇನೆ. ನಮ್ಮ ಅಜ್ಜಿ ೧೯೧೮ರ ಇನ್‌ಫ್ಲುಯೆಂಜಾ ಜ್ವರದ ವರ್ಷ ಹತ್ತು ವರ್ಷದ ಹುಡುಗಿ. ಆ ವರ್ಷ ಹಿಂದೂಸ್ಥಾನದಲ್ಲಿ ಒಂದು ಕೋಟಿಗೂ ಮೀರಿ ಜನ ಸತ್ತರು. ಅಜ್ಜಿಯ ತೌರಿನಲ್ಲಿ ಎಂಟು ದಿನಗಳೊಳಗೆ ತಾಯಿಯೂ ಇಬ್ಬರು ಅಣ್ಣಂದಿರೂ ಹೋದರು. ಒಂದೇ ಕೋಣೆಯಲ್ಲಿ ಮಲಗಿದ್ದ ನಾಲ್ವರಲ್ಲಿ ಎದ್ದವಳು ಇವಳೊಬ್ಬಳು. ಮುಂದೆ ತುಂಬು ಸಂಸಾರ ಮಾಡಿ, ಮೊಮ್ಮಕ್ಕಳನ್ನು ಕಂಡು, ಎಂಬತ್ತನ್ನು ದಾಟಿದಳು. ಮದುವೆ ಮುಂಜಿಗಳಲ್ಲಿ ಬಂದವರು ಅವಳ ಕಾಲು ಮುಟ್ಟಿ, “ಪುಣ್ಯವಂತೆ, ಆ ಮಾರಿಯನ್ನೂ ಗೆದ್ದು ಬಂದವಳು” ಎನ್ನುವುದು ವಾಡಿಕೆಯಾಗಿತ್ತು. ಅವರು ಹೇಳುತ್ತಿದ್ದುದು ಪ್ರೀತಿಯಿಂದಲೇ. ಅಜ್ಜಿಯು ಅವರೆದುರಿಗೆ ಏನೂ ಆಡುತ್ತಿರಲಿಲ್ಲ. ಒಮ್ಮೆ ಮಾತ್ರ, ಎಲ್ಲರೂ ಹೋದ ಮೇಲೆ, ಎಲೆಯಡಿಕೆಯ ತಟ್ಟೆಯನ್ನು ಮುಂದಿಟ್ಟುಕೊಂಡು ನನ್ನ ಕಡೆಗೆ ತಿರುಗಿ, “ನನ್ನದು ಪುಣ್ಯವಾದರೆ ಅವರದು ಏನಪ್ಪಾ? ನಮ್ಮಣ್ಣ ಯಾರಿಗೆ ಏನು ಮಾಡಿದ್ದ?” ಎಂದು ಕೇಳಿದಳು. ನಾನಾಗ ಕಾಲೇಜಿನಲ್ಲಿ ಓದುತ್ತಿದ್ದೆ. ಅವಳು ಉತ್ತರವನ್ನು ಕಾಯಲಿಲ್ಲ, ಅಡಿಕೆಯನ್ನು ಕತ್ತರಿಸತೊಡಗಿದಳು.

ಆ ಪ್ರಶ್ನೆಯನ್ನು ನಾನು ಬಹಳ ವರ್ಷ ಹೊತ್ತುಕೊಂಡಿದ್ದೇನೆ. ಅಳಿದವರ ನಡುವೆ ಉಳಿದವರನ್ನು ಕಂಡಾಗ, ಉಳಿದವರಲ್ಲಿ ಏನೋ ಒಂದು ಗುಣವನ್ನು ಹುಡುಕುವುದು ಮನುಷ್ಯಸ್ವಭಾವ. ಪುಣ್ಯವೆನ್ನುವರು, ಜಾತಕವೆನ್ನುವರು, ಹೊಸಕಾಲದವರು ಬಲಿಷ್ಠರೇ ಉಳಿಯುವರೆನ್ನುವರು. ಕ್ರಮ ಕಂಡಲ್ಲಿ ಕರ್ತೃವನ್ನೂ, ಉಳಿವು ಕಂಡಲ್ಲಿ ಯೋಗ್ಯತೆಯನ್ನೂ ಊಹಿಸದೆ ನಮಗೆ ಸಮಾಧಾನವಿಲ್ಲ. ಮಳೆಗಾಲದ ಆ ಬಳೆಯ ಮುಂದೆ ಕುಳಿತಾಗ ಆ ಊಹೆಯ ಒಂದು ಕಾಲು ಮುರಿದಂತೆ ನನಗೆ ತೋರಿತು. ಒಂದೇ ಮರದ ಬೀಜಗಳು, ಒಂದೇ ನಾಣ್ಯ, ಒಂದೇ ಕಟ್ಟಳೆ. ಉಳಿದ ಎಂಟರಲ್ಲಿ ಹೋದ ತೊಂಬತ್ತೆರಡಕ್ಕಿಲ್ಲದ ಗುಣ ಒಂದೂ ಇರಲಿಲ್ಲ. ಆದರೂ ಆ ಎಂಟೂ ಯಾರೋ ಎಣಿಸಿ ಇಟ್ಟಂತೆ, ಗೌರವದ ಅಂತರಗಳನ್ನು ಬಿಟ್ಟು, ನಿಂತಿದ್ದುವು. ಅವುಗಳ ನಡುವಣ ಬರಿದಾದ ಮನೆಗಳೆಲ್ಲ ಒಮ್ಮೆ ತುಂಬಿದ್ದುವು. ಜ್ವರವು ಹುಣಿಸೆ ಬೀಜದ ಆಟವಲ್ಲ. ಅದಕ್ಕೆ ಬೇರೆ ಕಾರಣಗಳಿವೆ, ವೈದ್ಯರು ಅವನ್ನು ಬಲ್ಲರು. ಆದರೆ ಯೋಗ್ಯತೆಯ ಭೇದವೇ ಇಲ್ಲದ ಕಡೆಯಲ್ಲಿಯೂ ಉಳಿದವರು ಆರಿಸಿ ಇಟ್ಟವರಂತೆ ಕಾಣಬಲ್ಲರೆಂಬುದು ಸಿದ್ಧವಾದ ಮೇಲೆ, ಸತ್ತ ಹುಡುಗನ ಮೇಲೆ ಪುಣ್ಯಹೀನನೆಂಬ ಮಾತನ್ನು ಹೊರಿಸುವ ಅಧಿಕಾರ ನಮಗೆ ಉಳಿಯುವುದಿಲ್ಲ. ಅಜ್ಜಿ ಇದ್ದಿದ್ದರೆ ಅವಳಿಗೆ ಇಷ್ಟನ್ನು ಹೇಳುತ್ತಿದ್ದೆ.

ಈ ಶಾಸ್ತ್ರದಿಂದ ಇನ್ನೊಂದು ಪಾಠವನ್ನು ಎತ್ತಿಕೊಳ್ಳುವವರೂ ಇರಬಹುದು. ಅವರಿಗೆ ಎರಡು ಮಾತು ಹೇಳಬೇಕು. “ಬೆರೆತವರು ಬೇಗ ಅಳಿದರು, ಬೇರೆಯಾದವರು ಉಳಿದರು, ಆದ್ದರಿಂದ ಕೇರಿ ಕೇರಿಗಳು ಬೇರೆ ಇರುವುದೇ ಲೇಸು” ಎಂದು ಯಾರಾದರೂ ವಾದಿಸಿದರೆ, ಅವರು ಆಟದ ಕಟ್ಟಳೆಯನ್ನು ಮರೆತಿದ್ದಾರೆನ್ನಬೇಕು. ಅಲ್ಲಿ ಬೆರೆತದ್ದು ಮೃತ್ಯುವಾದದ್ದು ಮುಟ್ಟಿದರೆ ಸಾಯಬೇಕೆಂಬ ಕಟ್ಟಳೆಯನ್ನು ನಾವು ಮೊದಲೇ ಬರೆದಿಟ್ಟದ್ದರಿಂದ. ಹಾಲಿಗೆ ಸಕ್ಕರೆ ಬೆರೆತಾಗ ಯಾರೂ ಸಾಯುವುದಿಲ್ಲ. ಕಣಕ್ಕೆ ತನ್ನ ಕಟ್ಟಳೆಯನ್ನು ತಿದ್ದುವ ಶಕ್ತಿಯಿಲ್ಲ, ಮನುಷ್ಯನಿಗೆ ಉಂಟು. ನಮ್ಮ ಊರುಗಳಲ್ಲಿ ಕಾಣುವ ಬಯಲು ಗಡಿಗಳನ್ನು ಪ್ರಕೃತಿಯ ನಿಯಮವೆಂದು ಹೇಳಿ ಕೈತೊಳೆದುಕೊಳ್ಳುವ ಮೊದಲು, ಅಲ್ಲಿ ಯಾವ ಕಟ್ಟಳೆ ನಡೆಯುತ್ತಿದೆ, ಅದನ್ನು ಬರೆದವರು ಯಾರು ಎಂದು ಕೇಳುವುದು ಧರ್ಮ. ಸುಂದನೂ ಉಪಸುಂದನೂ ತಿಲೋತ್ತಮೆಯನ್ನು ಕಾಣುವವರೆಗೆ ಒಂದೇ ತಟ್ಟೆಯಲ್ಲಿ ಉಂಡವರು.

ಘುಣಾಕ್ಷರ ನ್ಯಾಯವನ್ನು ಮೇಲೆ ಹೇಳಿದೆನಷ್ಟೆ. ಹುಳುವಿನ ಗೆರೆಗಳಲ್ಲಿ ಅಕ್ಷರ ಮೂಡುವುದು ಸಾವಿರದಲ್ಲೊಮ್ಮೆ; ಮೂಡಿದರೂ ಅದಕ್ಕೆ ಅರ್ಥವಿಲ್ಲ. ನಾವು ಈಗ ವಿಚಾರಿಸಿದ ಕ್ರಮವು ಆ ಜಾತಿಯದಲ್ಲ. ಪ್ರತಿ ಸಲ ಆಡಿದಾಗಲೂ ಅದು ಬರುತ್ತದೆ. ಇದಿಷ್ಟು ಅಂತರ, ಇದಿಷ್ಟು ಬಯಲು ಎಂದು ಮುಂಚಿತವಾಗಿಯೇ ಹೇಳಬಹುದು. ಯಾವ ಬೀಜ ಉಳಿಯುವುದೆಂಬುದನ್ನು ಮಾತ್ರ ಯಾರೂ ಹೇಳಲಾರರು. ಬರೆದವನಿಲ್ಲದಿದ್ದರೂ ತಪ್ಪದೆ ಮೂಡುವ ಈ ಅಕ್ಷರಕ್ಕೆ ನಮ್ಮ ಹಳೆಯ ನ್ಯಾಯಗಳ ಪಟ್ಟಿಯಲ್ಲಿ ಹೆಸರು ಸಿಕ್ಕಲಿಲ್ಲ. ಹೊಸದೊಂದು ಹೆಸರು ಕಟ್ಟುವಷ್ಟು ಸಂಸ್ಕೃತ ನನ್ನಲ್ಲಿಲ್ಲ. ಆ ಕೆಲಸವನ್ನು ಈ ಪತ್ರಿಕೆಯ ಪಂಡಿತ ವಾಚಕರಿಗೆ ಒಪ್ಪಿಸಿ ಲೇಖನಿಯನ್ನು ಕೆಳಗಿಡುತ್ತೇನೆ.